‘ರಿಸೈನ್’ ಎಂಬ ಕ್ರಿಯಾಪದ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿಯ ಕಚೇರಿಯಲ್ಲಿ ಕಾಗದಪತ್ರ ನೋಡುವುದೇ ನನ್ನ ಕಸುಬು. ಆದುದರಿಂದ ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದವನ್ನು ಇಂದು ತಮ್ಮ ಮುಂದಿಡುತ್ತೇನೆ. ನಾವು ಅದನ್ನು ‘ರಿಸೈನ್’ ಎನ್ನುತ್ತೇವೆ. ಸರಿಯಾದ ಉಚ್ಚಾರ ‘ರಿಜೈನ್’. ಬರೆಯುವಾಗ ಅದರಲ್ಲಿ ‘ಜಿ’ ಅಕ್ಷರವುಂಟು, ನುಡಿಯುವಾಗ ಇಲ್ಲ. ‘ರೆಸಿಗ್ನೇಷನ್’ ಎಂದಾಗ ಮಾತ್ರ ಅದು ಬಾಯಿ ಬಿಡುತ್ತದೆ.

ಹುದ್ದೆಯನ್ನು ತಾನಾಗಿ ಬಿಟ್ಟುಕೊಡುವುದು, ಇದೇ ಅದರ ಅರ್ಥ. ‘ತಾನಾಗಿ’ ಎಂಬುದರಲ್ಲೇ ಅದರ ಜೀವವಿದೆ. ಕನ್ನಡದಲ್ಲಿ ‘ಮಾಡಿದೆ’ ಎಂಬುದೂ ಉಂಟು, ‘ಮಾಡಿಸಿದರು’ ಎಂಬುದೂ ಉಂಟು. ‘ನನ್ನಿಂದ ರಿಸೈನ್ ಮಾಡಿಸಿದರು’ ಎಂದರೆ ಕೇಳಿದವರಿಗೆ ಒತ್ತಾಯ ತಿಳಿಯುತ್ತದೆ. ಇಂಗ್ಲಿಷಿನ ಈ ಪದಕ್ಕೆ ನಮ್ಮ ‘ಇಸು’ ಹತ್ತುವುದಿಲ್ಲ. ‘ಐ ಹ್ಯಾವ್ ರಿಜೈನ್ಡ್’ ಎಂದು ಬರೆದಿರೋ, ಒತ್ತಾಯ ಅಳಿಸಿಹೋಗಿ ಸ್ವಂತ ಇಚ್ಛೆಯೊಂದೇ ಉಳಿಯಿತು. ‘ಐ ಆಮ್ ರಿಜೈನ್ಡ್’ ಎಂದರಂತೂ, ಬಂದದ್ದು ಬರಲಿ ಎಂದು ಸುಮ್ಮನಾಗಿದ್ದೇನೆ ಎಂದಾಗುತ್ತದೆ!

ಈ ಊರಿನಲ್ಲಿ ಇನ್ನೊಂದು ತೊಡಕುಂಟು. ಫಾರ್ಸಿಯಲ್ಲಿ ‘ರಾಜಿ’ ಎಂದರೆ ಒಪ್ಪಿದ, ‘ನಾಮಾ’ ಎಂದರೆ ಪತ್ರ. ಕನ್ನಡ, ಮರಾಠಿಗಳಲ್ಲಿ ರಾಜೀನಾಮೆಯೆಂದರೆ ಕೆಲಸ ಬಿಡುವ ಕಾಗದ. ಹೈದರಾಬಾದಿನ ಉರ್ದುವಿನಲ್ಲಿ ಅದಕ್ಕೆ ‘ಇಸ್ತೀಫಾ’ ಎನ್ನಬೇಕು. ‘ರಾಜೀನಾಮಾ’ ಎಂದರೆ ವ್ಯಾಜ್ಯ ತೀರಿಸಿಕೊಂಡ ಒಪ್ಪಂದ. ಬೀದರ, ರಾಯಚೂರು, ಕಲಬುರಗಿಗಳಿಂದ ಹೊಸದಾಗಿ ಬಂದವರು ಎರಡರಲ್ಲಿ ಯಾವುದೆಂದು ಕೇಳಿಯೇ ಸಹಿ ಹಾಕಬೇಕು.

ಕರಾರಿನ ಮೇಲೆ ದುಡಿಯುವವರಿಗೆ ಒಂದು ಮಾತು. ಇದೇ ಪದದ ನಡುವೆ ಸಣ್ಣ ಅಡ್ಡಗೆರೆ ಎಳೆದರೆ ‘ರೀ-ಸೈನ್’, ಅಂದರೆ ಮತ್ತೆ ಸಹಿ ಮಾಡುವುದು. ಆ ಗೆರೆ ಮರೆತರೆ, ಕರಾರು ಮುಂದುವರಿಯಲಿ ಎಂದವನು ಕೆಲಸ ಬಿಡುತ್ತೇನೆಂದು ಬರೆದುಕೊಟ್ಟಂತೆ. ‘ರಿನ್ಯೂ’ ಎಂದು ಬರೆಯುವುದೇ ಕ್ಷೇಮ.

ಇನ್ನು ದುಡ್ಡಿನ ವಿಚಾರ. ಕೆಲಸ ಕಡಿಮೆಯಾಯಿತೆಂದು ಮಾಲಕರೇ ತೆಗೆದರೆ ಅದಕ್ಕೆ ‘ರಿಟ್ರೆಂಚ್’ ಎಂಬ ಬೇರೆ ಪದವಿದೆ. ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ಸೇರಿದ ನಿಯಮದಂತೆ, ಹಾಗೆ ತೆಗೆದ ಕಾರ್ಮಿಕನಿಗೆ ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಪರಿಹಾರ. ತಾನಾಗಿ ಬಿಟ್ಟವನಿಗೆ ಇದಿಲ್ಲ. ಹತ್ತು ವರ್ಷ ದುಡಿದವನಿಗೆ ಒಂದು ಪದದಿಂದ 150 ದಿನಗಳ ಸಂಬಳ ಹೋಯಿತು! ಗ್ರಾಚ್ಯುಟಿಯ ಮಾತು ಬೇರೆ: ಐದು ವರ್ಷ ತುಂಬಿದವನು ರಾಜೀನಾಮೆ ಕೊಟ್ಟರೂ ಅದು ಸಲ್ಲಬೇಕೆಂದು 1972ರ ಕಾಯ್ದೆ ಹೇಳಿತು. 2020ರ ಸಂಹಿತೆಗಳಲ್ಲಿಯೂ ಈ ಎರಡೂ ಉಳಿದಿವೆ.

ಒತ್ತಾಯವಿದ್ದರೆ ‘ಐ ವಾಸ್ ಆಸ್ಕ್ಡ್ ಟು ರಿಜೈನ್’, ರಾಜೀನಾಮೆ ಕೊಡೆಂದು ನನಗೆ ಹೇಳಿದರು, ಎಂದು ತಾರೀಖು ಸಹಿತ ಬರೆದಿಡಿ. ಯಾರಾದರೂ ಟೈಪು ಮಾಡಿದ ಕಾಗದ ಮುಂದಿಟ್ಟರೆ ಒಂದು ದಿನದ ವಾಯಿದೆ ಕೇಳಿ ಇಲ್ಲಿಗೆ ತನ್ನಿ. ನಿಘಂಟು ಮೇಜಿನ ಮೇಲೆಯೇ ಇದೆ. ಭಾನುವಾರ ಸಂಜೆ ನಾನೂ ಇರುತ್ತೇನೆ.