ಲಾವುಗೆಗಳ ಮೇವಿನಲ್ಲಿ ಯೀಸ್ಟ್



ಹಿಟ್ಟನ್ನು ಹುದುಗೆಬ್ಬಿಸಿ ರೊಟ್ಟಿಯನ್ನು ಉಬ್ಬಿಸುವ ಯೀಸ್ಟೆಂಬ ಸೂಕ್ಷ್ಮಜೀವಿಯನ್ನು ತಾವೆಲ್ಲರೂ ಬಲ್ಲಿರಿ. ಇದು ಈಗ ಹಕ್ಕಿಗಳ ಮೇವಿಗೂ ಸೇರಿದೆ. ಸಾಕಿದ ಲಾವುಗೆಗಳಿಗೆ ಇದರಿಂದಾಗುವ ಉಪಕಾರವೆಷ್ಟು, ದುಡ್ಡು ಕೊಟ್ಟು ಕೊಳ್ಳುವವನು ಏನನ್ನು ನೋಡಿ ಕೊಳ್ಳಬೇಕು ಎಂಬುದನ್ನು ಅರಿಕೆ ಮಾಡುತ್ತೇನೆ.

ನಾವು ಸಾಕುವುದು ಕಾಡಿನ ಲಾವುಗೆಯನ್ನಲ್ಲ. ಅದನ್ನು ಹಿಡಿಯುವುದು ಕಾನೂನಿಗೆ ವಿರುದ್ಧ. ಸಾಕುವುದು ಜಪಾನೀ ಲಾವುಗೆಯನ್ನು. ಇದು ೧೯೭೪ರಲ್ಲಿ ಕ್ಯಾಲಿಫೋರ್ನಿಯಾದಿಂದ ಬರೇಲಿಯ ಬಳಿಯ ಇಜ್ಜತ್‌ನಗರಕ್ಕೆ ಬಂದಿತು. ಹತ್ತು ಗ್ರಾಂ ತೂಗುವ ಮೊಟ್ಟೆಯೊಡೆದು ೧೭ ದಿನಗಳಲ್ಲಿ ಹೊರಬರುವ ಮರಿ ಏಳೆಂಟು ಗ್ರಾಂ ಮಾತ್ರ ಇರುವುದು. ಆರೇಳು ವಾರಗಳಲ್ಲಿ ಅದೇ ಮೊಟ್ಟೆಯಿಡತೊಡಗುವುದು. ಇಷ್ಟು ಆತುರವಾಗಿ ಬೆಳೆಯುವ ಪ್ರಾಣಿಗೆ ಮೇವೂ ಸಾರವತ್ತಾಗಿರಬೇಕಷ್ಟೆ. ಎಳೆಯ ಮರಿಗಳ ಮೇವಿನಲ್ಲಿ ನೂರಕ್ಕೆ ೨೪ ಪಾಲಿಗೆ ಕಡಿಮೆಯಿಲ್ಲದಂತೆ ಪ್ರೋಟೀನು ಬೇಕು. ಮರಿಗಳು ಹೆಚ್ಚಾಗಿ ಸಾಯುವುದೂ ಮೊದಲ ಎರಡು ವಾರಗಳಲ್ಲಿಯೇ.

ಪೇಟೆಯಲ್ಲಿ ದೊರೆಯುವ ಯೀಸ್ಟು ಎರಡು ತೆರ. ಒಂದು, ಬಿಯರ್ ಕಾರ್ಖಾನೆಯಲ್ಲಿ ಉಳಿದುದನ್ನು ಒಣಗಿಸಿದ ನಿರ್ಜೀವ ಯೀಸ್ಟು. ಇದು ಆಹಾರ. ಇದರಲ್ಲಿ ನೂರಕ್ಕೆ ೪೦ ಪಾಲಿಗೂ ಮೇಲ್ಪಟ್ಟು ಪ್ರೋಟೀನು ಉಂಟು. ಲೈಸೀನು ಧಾರಾಳ, ಮೆಥಿಯೊನೀನು ಕೊರತೆ. ಬಿ ವರ್ಗದ ಜೀವಸತ್ತ್ವಗಳಲ್ಲಿ ಬಿ-೧೨ ಹೊರತು ಬಹುತೇಕ ಎಲ್ಲವೂ ಇವೆ. ಆದುದರಿಂದ ಇದನ್ನು ಹಾಕಿದ ಮಾತ್ರಕ್ಕೆ ಮೀನಿನ ಪುಡಿಯನ್ನು ಕೈಬಿಡಲಾಗದು.

ಇನ್ನೊಂದು ಸಜೀವ ಯೀಸ್ಟು; ಬೆಲೆ ಹೆಚ್ಚು, ಪ್ರಮಾಣ ಅತ್ಯಲ್ಪ. ಇದರ ಕೆಲಸ ಕರುಳಿನಲ್ಲಿ. ಬೇಧಿಯನ್ನು ತರುವ ಕೆಲವು ಬ್ಯಾಕ್ಟೀರಿಯಗಳು ಕರುಳಿನ ಗೋಡೆಯಲ್ಲಿರುವ ಸಕ್ಕರೆಯಂಥ ವಸ್ತುವನ್ನು ಹಿಡಿದು ನೆಲೆಯೂರುತ್ತವೆ. ಯೀಸ್ಟಿನ ಹೊದಿಕೆಯಲ್ಲಿಯೂ ಮ್ಯಾನನ್ ಎಂಬ ಅಂಥದೇ ವಸ್ತುವಿದೆ. ಅದಕ್ಕೆ ಅಂಟಿಕೊಂಡವು ಮಲದೊಡನೆ ಹೊರಬೀಳುತ್ತವೆ. ಯುರೋಪಿನ ಒಕ್ಕೂಟವು ೨೦೦೬ರಲ್ಲಿ, ಬೆಳವಣಿಗೆಗೆಂದು ಮೇವಿನಲ್ಲಿ ಬೆರೆಸುತ್ತಿದ್ದ ಆ್ಯಂಟಿಬಯೋಟಿಕ್‌ಗಳನ್ನು ನಿಲ್ಲಿಸಿದ ಮೇಲೆ ಇದರ ಕಡೆಗೆ ಜನರ ಲಕ್ಷ್ಯ ಹೆಚ್ಚಿತು. ಈ ಮ್ಯಾನನ್ನಿನ ಗುಣವು ಸತ್ತ ಯೀಸ್ಟಿನ ಹೊದಿಕೆಯಲ್ಲಿಯೂ ಉಳಿದಿರುತ್ತದೆಂಬುದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ!

ಸಜೀವ ಯೀಸ್ಟನ್ನು ಕೊಂಡು ತಂದು ಬಿಸಿಬಿಸಿಯಾದ ಅಂಬಲಿಯಲ್ಲಿ ಕಲಸುವವರುಂಟು. ೫೫ ಡಿಗ್ರಿ ಸೆಂಟಿಗ್ರೇಡಿಗೆ ಮೀರಿದ ಶಾಖದಲ್ಲಿ ಅದು ಬಹು ಬೇಗ ಸಾಯುತ್ತದೆ. ಜೀವಕ್ಕೆಂದು ತೆತ್ತ ಬೆಲೆ ವ್ಯರ್ಥ. ಒಣ ಮೇವಿನೊಡನೆ, ಮೊದಲು ಒಂದು ಬೊಗಸೆ ಹಿಟ್ಟಿನಲ್ಲಿ ಬೆರೆಸಿ, ಬಳಿಕ ರಾಶಿಗೆ ಸೇರಿಸತಕ್ಕದ್ದು. ಚೀಲವು ತಂಪಾದ ಒಣ ಸ್ಥಳದಲ್ಲಿರಲಿ.

ಪರೀಕ್ಷೆಗಳ ಫಲಗಳು ಎಲ್ಲೆಡೆಯೂ ಒಂದೇ ಆಗಿಲ್ಲ. ಗೂಡು ಶುಚಿಯಾಗಿ, ಮೇವು ಪೂರ್ಣವಾಗಿದ್ದರೆ ಯೀಸ್ಟಿನಿಂದಾಗುವ ಲಾಭ ಅಲ್ಪವೆಂದೇ ನನ್ನ ಅಭಿಪ್ರಾಯ. ಮರಿ ಚಳಿಗೆ ನಡುಗುತ್ತಿದ್ದರೆ ಯೀಸ್ಟು ಶಾಖ ಕೊಡದು. ನೀರಿನ ತಟ್ಟೆಯಲ್ಲಿ ಗೋಲಿಗಳನ್ನು ಹಾಕದಿದ್ದರೆ ಮುಳುಗುವ ಮರಿಯನ್ನು ಎತ್ತದು. ಇವನ್ನು ಸರಿಪಡಿಸಿಕೊಂಡವರು ಒಂದೇ ದಿನ ಹುಟ್ಟಿದ ಮರಿಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಯೀಸ್ಟು ಕೊಟ್ಟು, ಐದನೆಯ ವಾರದಲ್ಲಿ ಎರಡನ್ನೂ ತೂಗಿ, ಸತ್ತವುಗಳನ್ನೂ ತಿಂದ ಮೇವನ್ನೂ ಲೆಕ್ಕವಿಟ್ಟು ನೋಡಬಹುದು. ಮುಂದಿನ ಚೀಲವನ್ನು ಕೊಳ್ಳುವ ವಿಚಾರ ಆಮೇಲೆ.