ಅಂತ್ಯಕಾಲದ ಶುಶ್ರೂಷೆಯೂ ಅದರ ಯೋಗ್ಯತೆಯ ಪರೀಕ್ಷೆಯೂ



ಮನೆಯಲ್ಲಿ ಗರ್ಭಿಣಿಯಿದ್ದರೆ ಮಲೆನಾಡಿನ ಸಂಸಾರಿಗನು ಎಷ್ಟೋ ತಿಂಗಳು ಮೊದಲೇ ಎಚ್ಚರಗೊಳ್ಳುವನು. ಯಾವ ಆಸ್ಪತ್ರೆಯು ಒಳ್ಳೆಯದು, ಯಾವ ದಾದಿಯ ಕೈಗುಣವೆಂಥದು, ಆಷಾಢದ ಮಳೆಯಲ್ಲಿ ವಾಹನವು ಅಂಗಳದವರೆಗೆ ಬರುವದೋ ಇಲ್ಲವೋ ಎಂದು ನಾಲ್ಕು ಮನೆಗಳಲ್ಲಿ ವಿಚಾರಿಸುವನು. ಅದೇ ಮನೆಯ ಹಿರಿಯರೊಬ್ಬರು ಗುಣವಾಗದ ಬೇನೆಯಿಂದ ಹಾಸಿಗೆ ಹಿಡಿದರೆ ಮಾತ್ರ ಅವನ ಬಾಯಿ ಕಟ್ಟುವದು. ಹುಟ್ಟಿಗೆ ಇಷ್ಟೆಲ್ಲ ವಿಚಾರಣೆ ಮಾಡಿದವನು ಸಾವಿಗಾಗಿ ಒಂದು ಪ್ರಶ್ನೆಯನ್ನೂ ಕೇಳುವದಿಲ್ಲ. ಕೇಳುವದು ಅಮಂಗಳವೆಂಬ ಭಾವನೆಯು ಒಂದು ಕಡೆಗೆ. ಸೇವೆ ಮಾಡಲು ಬಂದವರನ್ನು ಪರೀಕ್ಷಿಸುವದು ಕೃತಘ್ನತೆಯೆಂಬ ಸಂಕೋಚವು ಇನ್ನೊಂದು ಕಡೆಗೆ. ಈ ಎರಡರ ನಡುವೆ ಸಿಕ್ಕು ನರಳುವವನು ರೋಗಿಯೇ. ಆದಕಾರಣ ಅಂತ್ಯಕಾಲದ ಶುಶ್ರೂಷೆಯ ಯೋಗ್ಯತೆಯನ್ನು ಹೇಗೆ ಅಳೆಯಬೇಕೆಂಬ ವಿಷಯವು ಈ ಉತ್ಸವದ ಸಭೆಯಲ್ಲಿ ವಿಚಾರಕ್ಕೆ ಯೋಗ್ಯವಾಗಿದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಜನರು ದೊಡ್ಡ ಬೇನೆಗಳಿಗಾಗಿ ಹುಬ್ಬಳ್ಳಿಗೋ ಶಿವಮೊಗ್ಗೆಗೋ ಮಣಿಪಾಲಕ್ಕೋ ಹೋಗುವದು ರೂಢಿಯಾಗಿದೆ. ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು 100 ಕಿಲೋಮೀಟರು. ಅಲ್ಲಿ ಶಸ್ತ್ರಕ್ರಿಯೆ, ಕಿರಣಚಿಕಿತ್ಸೆ ಮುಂತಾದ ಉಪಾಯಗಳೆಲ್ಲ ಮುಗಿದ ಮೇಲೆ ಒಂದು ದಿನ ವೈದ್ಯರು, “ಇನ್ನು ಮನೆಗೆ ಕರೆದುಕೊಂಡು ಹೋಗಿರಿ” ಎನ್ನುವರು. ಆ ಮಾತಿನಿಂದ ರೋಗದ ಮೇಲಿನ ಯುದ್ಧವು ಮುಗಿಯಿತು. ರೋಗಿಯ ಮೇಲಿನ ಕರ್ತವ್ಯವು ಮುಗಿಯಲಿಲ್ಲ. ಅಡಿಕೆಯು ಈ ಸೀಮೆಗೆ ಅನ್ನವನ್ನು ಕೊಟ್ಟ ಬೆಳೆ. ಆದರೆ ಅಡಿಕೆಯೂ ಹೊಗೆಸೊಪ್ಪೂ ಕೂಡಿದ ಕವಳವು ಬಾಯಿಯ ಅರ್ಬುದಕ್ಕೆ ಕಾರಣವಾಗುವದು. ಅಡಿಕೆಯೊಂದೇ ಆದರೂ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿದೆ. ಬಾಯಿ ತೆರೆಯಲಾರದೆ, ಅನ್ನ ನುಂಗಲಾರದೆ, ಹುಣ್ಣಿನ ದುರ್ಗಂಧಕ್ಕೆ ನಾಚಿ ಮೊಮ್ಮಕ್ಕಳನ್ನು ದೂರ ಕಳಿಸುವ ರೋಗಿಗೆ ಬೇಕಾದದ್ದು ಕೇವಲ ಕನಿಕರವಲ್ಲ, ವಿದ್ಯೆಯುಳ್ಳ ಶುಶ್ರೂಷೆ. ಹೃದಯ ಸೋತವರಿಗೂ, ಮೂತ್ರಪಿಂಡ ಕೆಟ್ಟವರಿಗೂ, ಪಾರ್ಶ್ವವಾಯು ಬಡಿದವರಿಗೂ, ಜರೆಯಿಂದ ನೆಲ ಹಿಡಿದವರಿಗೂ ಇದು ಬೇಕು.

ಇಂಥ ಶುಶ್ರೂಷೆಗೆ ವೈದ್ಯರು ‘ಪ್ಯಾಲಿಯೇಟಿವ್ ಕೇರ್’ ಎನ್ನುವರು. ಕನ್ನಡದಲ್ಲಿ ಉಪಶಮನ ಶುಶ್ರೂಷೆ ಎನ್ನಬಹುದು. ಅಂತ್ಯಕಾಲದ ರೋಗಿಗಳ ಆಶ್ರಯಧಾಮಕ್ಕೆ ‘ಹಾಸ್ಪೀಸ್’ ಎಂಬ ಹೆಸರುಂಟು. ಸಿಸಿಲಿ ಸಾಂಡರ್ಸ್ ಎಂಬ ಮಹಿಳೆಯು ಮೊದಲು ದಾದಿಯಾಗಿ, ಅನಂತರ ವೈದ್ಯೆಯಾಗಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಧಾಮವನ್ನು ತೆರೆದಳು. ದೇಹದ ನೋವಿನೊಡನೆ ಮನಸ್ಸಿನ ನೋವು, ಸಂಸಾರದ ಚಿಂತೆ, ಆತ್ಮದ ಕಳವಳ ಇವೆಲ್ಲವೂ ಹೆಣೆದುಕೊಂಡಿರುವವೆಂಬದು ಆಕೆಯ ಮುಖ್ಯ ಬೋಧೆ. ಭಾರತದಲ್ಲಿ ಇಂಥ ಮೊದಲನೆಯ ಧಾಮವು 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನವಾಗಿ ಹುಟ್ಟಿತು. ಬೆಂಗಳೂರಿನಲ್ಲಿ 1994ರಲ್ಲಿ ಒಂದು ವಿಶ್ವಸ್ತಸಂಸ್ಥೆಯು ಏರ್ಪಟ್ಟು, 1999ರಲ್ಲಿ ‘ಕರುಣಾಶ್ರಯ’ದ ಕಟ್ಟಡವು ತೆರೆಯಲ್ಪಟ್ಟಿತು, ಅರ್ಬುದದ ಕೊನೆಯ ಹಂತದಲ್ಲಿರುವವರಿಗೆ ಅಲ್ಲಿ ಹಣವಿಲ್ಲದೆ ಶುಶ್ರೂಷೆ ದೊರೆಯುವದು. ಇನ್ನು ಕೇರಳದ ಕಲ್ಲಿಕೋಟೆಯಲ್ಲಿ 1993ರಲ್ಲಿ ಆರಂಭವಾದ ಕಾರ್ಯವು ಈ ಸೀಮೆಗೆ ಇನ್ನೂ ಹತ್ತಿರದ ದೃಷ್ಟಾಂತವಾಗಿದೆ. ಅಲ್ಲಿಯೂ ಬೆಟ್ಟ, ಅಲ್ಲಿಯೂ ಮಳೆ. ಅಲ್ಲಿನವರು ಕಟ್ಟಡವನ್ನು ನಂಬದೆ ನೆರೆಹೊರೆಯನ್ನು ನಂಬಿದರು. ಊರಿನ ಶಿಕ್ಷಕರು, ಅಂಗಡಿಕಾರರು, ಗೃಹಿಣಿಯರು ತರಬೇತಿ ಹೊಂದಿ, ದಾದಿಯೊಡನೆ ಮನೆಮನೆಗೆ ಹೋದರು. 2008ರಲ್ಲಿ ಕೇರಳ ಸರಕಾರವು ಇದನ್ನು ರಾಜ್ಯದ ನೀತಿಯಾಗಿ ಅಂಗೀಕರಿಸಿತು. ಕರ್ನಾಟಕವು 2016ರಲ್ಲಿ ತನ್ನ ನೀತಿಯನ್ನು ಹೊರಡಿಸಿತು.

ನೀತಿಯು ಕಾಗದದ ಮೇಲೆ ಇದ್ದ ಮಾತ್ರಕ್ಕೆ ರೋಗಿಯ ರಾತ್ರಿಯು ಸುಖವಾಗಿ ಕಳೆಯುವದಿಲ್ಲ. ಯಾವದೊಂದು ಸಂಸ್ಥೆಯಾಗಲಿ, ವೈದ್ಯನಾಗಲಿ, ದಾದಿಯರ ಮಂಡಲಿಯಾಗಲಿ “ಅಂತ್ಯಕಾಲದ ಸೇವೆ ಮಾಡುವೆವು” ಎಂದು ಮುಂದೆ ಬಂದಾಗ ಮನೆಯವರು ಕೆಲವು ಸಂಗತಿಗಳನ್ನು ವಿಚಾರಿಸಿ ತಿಳಿಯತಕ್ಕದ್ದು.

ಮೊದಲನೆಯದು ನೋವಿನ ವಿಚಾರ. ಬಂದ ದಾದಿಯು ನಾಡಿಯನ್ನು ನೋಡುವ ಮೊದಲು ನೋವೆಷ್ಟಿದೆಯೆಂದು ರೋಗಿಯನ್ನೇ ಕೇಳುವಳೋ? ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಅದನ್ನು ಬರೆದಿಟ್ಟು, ಮರುಭೇಟಿಯಲ್ಲಿ ಹೋಲಿಸುವಳೋ? ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ಅರ್ಬುದದ ನೋವಿಗೆ ಮೆಟ್ಟಿಲುಮೆಟ್ಟಿಲಾದ ಔಷಧಕ್ರಮವನ್ನು ಹೇಳಿದೆ. ಅದರ ಮೇಲಿನ ಮೆಟ್ಟಿಲಿನಲ್ಲಿ ಅಫೀಮಿನಿಂದ ತೆಗೆದ ಮಾರ್ಫಿನ್ ಇರುವದು. ಸಾಧಾರಣ ಮಾರ್ಫಿನ್ ಗುಳಿಗೆಯ ಗುಣವು ಸುಮಾರು ನಾಲ್ಕು ತಾಸು ಮಾತ್ರ ನಿಲ್ಲುವದು. ಆದ್ದರಿಂದ ನೋವು ಬಂದ ಮೇಲೆ ಕೊಡುವದಕ್ಕಿಂತ ಹೊತ್ತಿಗೆ ಸರಿಯಾಗಿ ಕೊಡುತ್ತಿರಬೇಕು. ಅದರೊಡನೆ ಮಲಬದ್ಧತೆಗೆ ಔಷಧವನ್ನೂ ಕೊಡಲೇಬೇಕು. ಇದನ್ನು ಮರೆತ ವೈದ್ಯನು ಪಾಠದ ಅರ್ಧವನ್ನಷ್ಟೇ ಓದಿದವನು. ಸರಿಯಾದ ಪ್ರಮಾಣದಲ್ಲಿ ನೋವಿಗಾಗಿ ಕೊಟ್ಟ ಮಾರ್ಫಿನ್ ರೋಗಿಯನ್ನು ಚಟಗಾರನನ್ನಾಗಿ ಮಾಡುವದಿಲ್ಲ, ಆಯುಷ್ಯವನ್ನೂ ಕುಗ್ಗಿಸುವದಿಲ್ಲ. 1985ರ ಮಾದಕವಸ್ತುಗಳ ಕಾಯಿದೆಯ ಬಿಗಿಯಿಂದ ಈ ಔಷಧವು ರೋಗಿಗಳಿಗೆ ದುರ್ಲಭವಾಗಿತ್ತು. 2014ರ ತಿದ್ದುಪಡಿಯಿಂದ ದಾರಿಯು ಸುಗಮವಾಗಿದೆ. ಆದುದರಿಂದ “ನಿಮ್ಮಲ್ಲಿ ಮಾರ್ಫಿನ್ ದೊರೆಯುವದೋ? ಇಲ್ಲವಾದರೆ ಎಲ್ಲಿಂದ ತರಿಸಿಕೊಡುವಿರಿ?” ಎಂಬ ಪ್ರಶ್ನೆಗೆ ನೇರವಾದ ಉತ್ತರ ಬಾರದಿದ್ದರೆ ಉಳಿದ ಭರವಸೆಗಳಿಗೆ ಬೆಲೆ ಕಡಿಮೆ.

ಎರಡನೆಯದು ರಾತ್ರಿಯ ಮತ್ತು ಮಳೆಯ ವಿಚಾರ. ನೋವು ಕಚೇರಿಯ ವೇಳೆಯನ್ನು ನೋಡಿ ಬರುವದಿಲ್ಲ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದಂತಾದರೆ ಯಾರನ್ನು ಕರೆಯಬೇಕು, ಕರೆದರೆ ಮಾತಾಡುವವರಾರು? 2021ರ ಜುಲೈ ತಿಂಗಳಿನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವು ಕುಸಿದು, ಗುಳ್ಳಾಪುರದ ಸೇತುವೆಯು ಗಂಗಾವಳಿಯಲ್ಲಿ ಕೊಚ್ಚಿಹೋದದ್ದು ಈ ಸೀಮೆಯವರಿಗೆ ಮರೆಯದ ಸಂಗತಿ. ಹಳ್ಳಕ್ಕೆ ಹಾಕಿದ ಕಾಲುಸಂಕವು ಮುಳುಗಿದರೆ ತೋಟದಾಚೆಯ ಮನೆಯು ದ್ವೀಪವಾಗುವದು. ಒಳ್ಳೆಯ ಶುಶ್ರೂಷಕರು ಮಿರ್ಗದ ಮಳೆಗೆ ಮೊದಲೇ ಇದನ್ನು ಲೆಕ್ಕಹಾಕಿ, ಬೇಕಾಗಬಹುದಾದ ಔಷಧವನ್ನು ಮನೆಯಲ್ಲಿ ಇರಿಸಿ, ಯಾವಾಗ ಎಷ್ಟು ಕೊಡಬೇಕೆಂಬದನ್ನು ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದುಕೊಡುವರು. ಪೇಟೆಯ ಮಗ್ಗುಲಿನ ಮನೆಗೆ ವಾರಕ್ಕೆರಡು ಸಲ ಹೋಗುವವರ ಯೋಗ್ಯತೆಯು ಘಟ್ಟದಂಚಿನ ಕೊನೆಯ ಮನೆಯಲ್ಲಿಯೇ ನಿಶ್ಚಯವಾಗತಕ್ಕದ್ದು.

ಮೂರನೆಯದು ಕೈಕೆಲಸದ ವಿಚಾರ. ಧಾಮಕ್ಕೆ ಹೋಗಿ ನೋಡುವವರು ಅತಿಥಿಗಳಿಗೆ ತೋರಿಸುವ ಕೋಣೆಯನ್ನು ಬಿಟ್ಟು ಮೂಲೆಯ ಮಂಚವನ್ನು ನೋಡಬೇಕು. ರೋಗಿಯ ತುಟಿ ಒಣಗಿದೆಯೋ ತೇವವಾಗಿದೆಯೋ? ಉಗುರು ಕತ್ತರಿಸಲ್ಪಟ್ಟಿವೆಯೋ? ಏಳಲಾರದವನನ್ನು ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವರೋ? ಸೊಂಟದಲ್ಲಿ ಹಾಸಿಗೆಹುಣ್ಣು ಆಗಿದೆಯೋ? ಬಾಯಿಹುಣ್ಣಿನ ದುರ್ಗಂಧವನ್ನು ತಡೆಯಲು ಮೆಟ್ರೋನಿಡಜೋಲ್ ಪುಡಿಯಂಥ ಅಗ್ಗದ ಔಷಧವಿದೆ. ಅದನ್ನು ಬಳಸುವರೋ, ಅಥವಾ ಮೂಗು ಮುಚ್ಚಿಕೊಳ್ಳುವರೋ? ಮನೆಗೆ ಬರುವ ದಾದಿಯಾದರೆ ಈ ಕೆಲಸಗಳನ್ನು ಸೊಸೆಗೂ ಮಗನಿಗೂ ಕಲಿಸಿ ಹೋಗುವಳೋ ಎಂಬದನ್ನು ನೋಡಬೇಕು. ಮಗನಿಗೂ ಎಂದು ಹೇಳಲು ಕಾರಣವುಂಟು: ಹಗಲಿರುಳು ಒಬ್ಬ ಹೆಣ್ಣುಮಗಳೇ ಸವೆಯುವ ಮನೆಯಲ್ಲಿ ರೋಗಿಗಳು ಇಬ್ಬರಾಗುವರು. ಶುಶ್ರೂಷೆ ಮಾಡುವವಳ ನಿದ್ರೆಯನ್ನೂ ವಿಚಾರಿಸುವ ಮಂಡಲಿಯು ಉತ್ತಮವಾದದ್ದು.

ನಾಲ್ಕನೆಯದು ಸತ್ಯದ ವಿಚಾರ. ಮನೆಯವರನ್ನು ಹೊರಗೆ ಕರೆದು ಪಿಸುಗುಟ್ಟಿ, ರೋಗಿಯ ಮುಂದೆ “ಎಲ್ಲವೂ ಗುಣವಾಗುವದು” ಎನ್ನುವದು ಬಹಳ ಕಡೆಗಳಲ್ಲಿ ನಡೆದಿದೆ. ರೋಗಿಯು ಎಷ್ಟನ್ನು ತಿಳಿಯಬಯಸುವನೋ ಅಷ್ಟನ್ನು ಮೆತ್ತಗೆ, ಸುಳ್ಳಿಲ್ಲದೆ ಹೇಳಬೇಕು. ಯಾಕೆಂದರೆ ಸಾಲದ ಲೆಕ್ಕ ಹೇಳುವದು, ದೂರವಾದ ತಮ್ಮನನ್ನು ಕರೆಸುವದು, ಮಗಳ ತಲೆಯ ಮೇಲೆ ಕೈಯಿಡುವದು ಇವೆಲ್ಲ ಆ ದಿನಗಳಲ್ಲಿಯೇ ಆಗತಕ್ಕ ಕೆಲಸಗಳು. ಗೌರವದಿಂದ ಸಾಯುವದೂ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ವ್ಯರ್ಥವಾದ ಯಂತ್ರೋಪಚಾರಗಳು ತನಗೆ ಬೇಡವೆಂದು ಮೊದಲೇ ಬರೆದಿಡುವ ಕ್ರಮವನ್ನು 2023ರಲ್ಲಿ ಸುಲಭಗೊಳಿಸಿದೆ. ಅದನ್ನು ಜಾರಿಗೆ ತರುವದಕ್ಕಾಗಿ ಕರ್ನಾಟಕ ಸರಕಾರವು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ರೋಗಿಯ ಇಚ್ಛೆಯನ್ನು ಕೇಳಿ ಬರೆದಿಟ್ಟುಕೊಳ್ಳದ ಸಂಸ್ಥೆಯು ಇಲ್ಲಿ ಹಿಂದುಳಿದದ್ದು.

ಐದನೆಯದು ಆಚಾರದ ವಿಚಾರ. ಲಿಂಗವಂತನ ಕೊರಳ ಶಿವದಾರವನ್ನು ಕೇಳದೆ ಬಿಚ್ಚಿಡುವ ದಾದಿಯು ಎಷ್ಟು ಕುಶಲಳಾದರೂ ಅವನ ಜೀವವನ್ನೇ ಕದಲಿಸಿದಂತೆ. ಕೈ ನಡುಗುವಾಗ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಆಧಾರ ಕೊಡುವವಳು ಪೂಜೆಯ ಪಾಲುಗಾರಳಾದಳು. ಅದೇ ಧಾಮದ ಪಕ್ಕದ ಮಂಚದಲ್ಲಿ ಮುಸಲ್ಮಾನನ ನಮಾಜಿಗೂ, ಕ್ರೈಸ್ತನ ಪ್ರಾರ್ಥನೆಗೂ ಅಷ್ಟೇ ಎಡೆಯಿರಬೇಕು.

ಆರನೆಯದು ಹಣದ ವಿಚಾರ. ಏನಕ್ಕೆ ಎಷ್ಟು ಎಂಬದು ಮೊದಲೇ ತಿಳಿಯಬೇಕು. ಗುಣಪಡಿಸುವೆವೆಂದು ಆಸೆ ಹಚ್ಚಿ ತೋಟವನ್ನು ಅಡವಿಡಿಸುವವರಿಂದ ದೂರವಿರಬೇಕು. ಧರ್ಮಾರ್ಥವಾದ ಸೇವೆಯಾದರೂ ಪ್ರಶ್ನೆ ಕೇಳುವ ಹಕ್ಕು ಹೋಗುವದಿಲ್ಲ. ಸರಕಾರದ ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವೆಗಳಲ್ಲಿ ಉಪಶಮನ ಶುಶ್ರೂಷೆಯೂ ಸೇರಿದೆ. ಊರಿನ ಆಶಾ ಕಾರ್ಯಕರ್ತೆಯನ್ನು ಮೊದಲು ವಿಚಾರಿಸಿದರೆ ಹಣ ತೆರುವ ಪ್ರಮೇಯವೇ ಬಾರದಿರಲೂಬಹುದು.

ಈ ಪ್ರಶ್ನೆಗಳಿಗೆ ಉತ್ತರವು ಸಂಸ್ಥೆಯವರ ಬಾಯಿಂದ ಮಾತ್ರ ದೊರೆತರೆ ಸಾಲದು. ಆರು ತಿಂಗಳ ಹಿಂದೆ ಅವರ ಶುಶ್ರೂಷೆಯಲ್ಲಿ ಹಿರಿಯರು ತೀರಿಕೊಂಡ ಮನೆಗೆ ಹೋಗಿ, ಕಟ್ಟೆಯ ಮೇಲೆ ಕುಳಿತು, “ಕೊನೆಯ ಮೂರು ರಾತ್ರಿಗಳು ಹೇಗೆ ಕಳೆದವು?” ಎಂದು ಕೇಳಬೇಕು. “ಸಾವಿನ ಅನಂತರ ಅವರಲ್ಲಿ ಯಾರಾದರೂ ಈ ಮನೆಗೆ ಒಮ್ಮೆ ಬಂದರೋ?” ಎಂದೂ ಕೇಳಬೇಕು. ಸಾವಿನೊಡನೆ ಲೆಕ್ಕಪುಸ್ತಕವನ್ನು ಮುಚ್ಚದೆ, ವಿಧವೆಯನ್ನೂ ಮಕ್ಕಳನ್ನೂ ಕಂಡು ಮಾತಾಡಿಸುವವರು ಈ ವಿದ್ಯೆಯ ಮರ್ಮವನ್ನು ಬಲ್ಲವರು.

ಹೀಗೆ ಪರೀಕ್ಷಿಸುವದು ಸೇವೆಗೆ ಅಪಮಾನವಲ್ಲವೇ ಎಂದು ಕೆಲವರು ಶಂಕಿಸಬಹುದು. ದಾಸೋಹದ ಮನೆಯಲ್ಲಿ ಅನ್ನ ಬಡಿಸುವ ಮೊದಲು ಅಗುಳು ಹಿಚುಕಿ ನೋಡುವದುಂಟು. ಅದು ಅಡಿಗೆಯವನ ಮೇಲಿನ ಅಪನಂಬಿಕೆಯಲ್ಲ, ಉಣ್ಣುವವನ ಮೇಲಿನ ಗೌರವ. ಕಾಯಕವು ಪರೀಕ್ಷೆಗೆ ಅಂಜುವದಿಲ್ಲ. ಅಂಜುವದಾದರೆ ಅದರಲ್ಲಿ ಕೊರತೆಯುಂಟೆಂದು ತಿಳಿಯಬೇಕು. ಮಾತಾಡಲಾರದವನ ಪರವಾಗಿ ಮಾತಾಡುವದಕ್ಕೇ ಬಂಧುಗಳಿರುವರು. ಇಂಥ ಸೇವೆಗೆ ಕಾಣಿಕೆ ಕೊಡುವ ಭಕ್ತರೂ ಕಟ್ಟಡದ ಕಲ್ಲಿನ ಮೇಲೆ ಹೆಸರು ಕೆತ್ತಿಸುವದಕ್ಕಿಂತ, ರಾತ್ರಿಯ ಪಾಳಿಗೆ ಒಬ್ಬ ದಾದಿಯ ವೇತನವನ್ನೂ, ಮಳೆಗಾಲಕ್ಕೆ ಒಂದು ಗಟ್ಟಿ ವಾಹನವನ್ನೂ ಒದಗಿಸಿದರೆ ಫಲವು ಹೆಚ್ಚು. ಪ್ರತಿ ಊರಿನಿಂದ ಇಬ್ಬರು ತರುಣರೂ ಇಬ್ಬರು ತರುಣಿಯರೂ ಈ ಶುಶ್ರೂಷೆಯನ್ನು ಕಲಿತರೆ ಕಾಲುಸಂಕವು ಮುಳುಗಿದ ದಿನವೂ ಆಚೆಯ ಮನೆಯು ಅನಾಥವಾಗುವದಿಲ್ಲ.

ಹಾಸಿಗೆ ಹಿಡಿದವನು ಕೊನೆಯ ರಾತ್ರಿಯನ್ನು ನರಳದೆ, ತನ್ನವರ ನಡುವೆ, ತನ್ನ ದೇವರ ಸ್ಮರಣೆಯಲ್ಲಿ ಕಳೆದನೋ ಎಂಬದೊಂದೇ ಎಲ್ಲ ಪ್ರಶ್ನೆಗಳ ತಾತ್ಪರ್ಯ. ಆ ಪ್ರಶ್ನೆಯನ್ನು ಸಾವು ಬಾಗಿಲಿಗೆ ಬರುವ ಮೊದಲೇ ಕೇಳುವ ಧೈರ್ಯವು ಸಕಲ ಸದ್ಭಕ್ತರಿಗೂ ಉಂಟಾಗಲಿ.