ಕೇಸಿಂಗ್ ಪೈಪಿನ ಲೆಕ್ಕ



ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ನಮ್ಮ ಈ ಕಡೆ ಇಬ್ಬರು ರೈತರು ಸೇರಿದರೆ ಮೊದಲ ಪ್ರಶ್ನೆ, ಬೋರು ಎಷ್ಟು ಅಡಿ ಹೋಯ್ತು? ಎರಡನೆಯದು, ಎಷ್ಟು ಇಂಚು ನೀರು ಬಿತ್ತು? ಕೇಸಿಂಗ್ ಪೈಪು ಎಷ್ಟು ಅಡಿ ಇಳೀತು ಎಂದು ದುಡ್ಡು ಎಣಿಸುವಾಗ ಮಾತ್ರ ಕೇಳುತ್ತೇವೆ. ನನ್ನ ಮಾತೆಲ್ಲ ಆ ಮೂರನೆಯ ಪ್ರಶ್ನೆಯ ಬಗ್ಗೆಯೇ.

ಈ ಮಣ್ಣು-ನೀರಿನ ವಸ್ತುಪ್ರದರ್ಶನದ ಒಳಗೆ ಮೊದಲ ಮೇಜಿನ ಮೇಲೆ ವಿದ್ಯಾರ್ಥಿಗಳು ಮೂರು ಗಾಜಿನ ಕೊಳವೆ ನಿಲ್ಲಿಸಿದ್ದಾರೆ. ಒಂದರಲ್ಲಿ ಮರಳು, ಒಂದರಲ್ಲಿ ಹೊಲದ ಕೆಂಪು ಮಣ್ಣು, ಇನ್ನೊಂದರಲ್ಲಿ ಕೆರೆಯ ಹೂಳು. ಮೂರಕ್ಕೂ ಒಂದೊಂದು ಲೋಟ ನೀರು ಹುಯ್ದು ತೋರಿಸಿದರು. ಮರಳಿನ ನೀರು ಹುಯ್ಯುತ್ತಿದ್ದ ಹಾಗೆಯೇ ಕೆಳಗಿನ ಬಟ್ಟಲಿಗೆ ಬಿತ್ತು. ಕೆಂಪು ಮಣ್ಣು ಸ್ವಲ್ಪ ಹೊತ್ತು ಕುಡಿದು ಆಮೇಲೆ ತೊಟ್ಟಿಕ್ಕತೊಡಗಿತು. ಹೂಳಿನ ಮೇಲಿನ ನೀರು ನಾನು ವೇದಿಕೆ ಹತ್ತುವಾಗಲೂ ಅಲ್ಲೇ ನಿಂತಿತ್ತು. ಹಾಗಂತ ಹೂಳಿನೊಳಗೆ ಖಾಲಿ ಜಾಗ ಕಡಿಮೆಯೇನಿಲ್ಲ, ಎಷ್ಟೋ ಸಲ ಮರಳಿಗಿಂತ ಹೆಚ್ಚೇ ಇರುತ್ತದೆ. ಆದರೆ ಅದೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾಗಿ ಹಂಚಿಹೋಗಿದೆ. ಅಂಥ ಕಡೆ ನೀರು ಗೋಡೆಗೆ ಉಜ್ಜಿಕೊಂಡೇ ಸಾಗಬೇಕು. ಒತ್ತಡ ಅಷ್ಟೇ ಇದ್ದು ಕೊಳವೆಯಂಥ ರಂಧ್ರದ ಅಗಲ ಅರ್ಧವಾದರೆ, ಹರಿಯುವ ನೀರು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಫ್ರಾನ್ಸಿನ ದಿಜೋನ್ ಪಟ್ಟಣಕ್ಕೆ ಕುಡಿಯುವ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ ಇಂಥದೇ ಮರಳಿನ ಕೊಳವೆಗಳಲ್ಲಿ ಅಳೆದು 1856ರಲ್ಲಿ ಪ್ರಕಟಿಸಿದ ಸೂತ್ರವೇ ಇವತ್ತಿಗೂ ಅಂತರ್ಜಲದ ಲೆಕ್ಕಕ್ಕೆ ಬುನಾದಿ.

ಇನ್ನು ನಮ್ಮ ಕಾಲ ಕೆಳಗಿನ ಕಲ್ಲು. ಇಲ್ಲಿರುವುದು ಗ್ರಾನೈಟು, ನೈಸ್. ಗಟ್ಟಿ ಬಂಡೆಯ ಮೈಯಲ್ಲಿ ರಂಧ್ರ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ನೀರಿಗೆ ಜಾಗ ಎರಡೇ ಕಡೆ. ಮೇಲೆ ಮಳೆ ಬಿಸಿಲಿಗೆ ಕಲ್ಲು ಕಳಿತು ಆದ ಗರಸು, ಕೆಳಗೆ ಬಂಡೆಯ ಬಿರುಕು. ರಿಗ್ಗಿನವರು ಗ್ಯಾಪು ಸಿಕ್ತು ಅನ್ನುತ್ತಾರಲ್ಲ, ಅದು. ಗರಸೇ ನಮ್ಮ ಉಗ್ರಾಣ. ಬಿರುಕು ಅಲ್ಲಿಂದ ನೀರು ಸಾಗಿಸುವ ದಾರಿಯಷ್ಟೇ, ಅದೂ ಬಹಳ ಇಕ್ಕಟ್ಟಿನ ದಾರಿ: ಅಗಲ ಅರ್ಧವಾದರೆ ನೀರು ಎಂಟರಲ್ಲಿ ಒಂದು ಪಾಲು. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿಯುತ್ತವೆ, ಸಂಖ್ಯೆಯೂ ಕಡಿಮೆಯಾಗುತ್ತದೆ. ಸಾವಿರದೈನೂರು ಅಡಿಯಲ್ಲಿ ಬಿದ್ದ ಎರಡಿಂಚು ನೀರು ಬೇಸಿಗೆಗೆ ಅರ್ಧ ಇಂಚಾಯಿತೆಂದು ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವನನ್ನು ಬೈದು ಫಲವಿಲ್ಲ. (ಅವನಿಗೆ ದುಡ್ಡು ಕೊಟ್ಟದ್ದು ಬೇರೆ ವಿಷಯ.) ಮೇಲಿನ ಗರಸು ಒಣಗಿದ ಮೇಲೆ ಕೆಳಗಿನ ಬಿರುಕಿಗೆ ನೀರು ಎಲ್ಲಿಂದ ಬರಬೇಕು?

ಕೇಸಿಂಗ್ ಇಳಿಸುವುದು ಈ ಗರಸು ಮುಗಿದು ಗಟ್ಟಿ ಕಲ್ಲು ಸಿಗುವವರೆಗೆ. ಅಂದರೆ ನಿಮ್ಮ ಬೋರಿನ ಬಿಲ್ಲಿನಲ್ಲಿರುವ ಕೇಸಿಂಗಿನ ಅಡಿಯೇ ಹೆಚ್ಚುಕಡಿಮೆ ನಿಮ್ಮ ಹೊಲದ ಉಗ್ರಾಣದ ಆಳ. ನಮ್ಮ ತಾತಂದಿರು ತೆರೆದ ಬಾವಿಗೆ ಎತ್ತು ಕಟ್ಟಿ ಕಪಿಲೆ ಹೊಡೆದದ್ದು ಈ ಪದರದ ನೀರಿಗೇ. ಆ ಬಾವಿಗಳಲ್ಲಿ ಎಷ್ಟೋ ಈಗ ಕಸದ ಗುಂಡಿಗಳಾಗಿವೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆಳದ ನೀರಿಗೆ ಇನ್ನೊಂದು ದೋಷವೂ ಇದೆ. ಬಿರುಕಿನಲ್ಲಿ ಬಹುಕಾಲ ಕಲ್ಲಿಗೆ ತಾಗಿಕೊಂಡೇ ಇದ್ದು ಅದು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಯೋಗ್ಯವಲ್ಲ. ನಮ್ಮ ಹಳ್ಳಿಗಳ ಮಕ್ಕಳ ಹಲ್ಲು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಹಾಗಾದರೆ ಗರಸಿನ ಈ ಉಗ್ರಾಣ ತುಂಬಲು ಕೆರೆ ತುಂಬಿದರೆ ಸಾಕೇ? ತಳದಲ್ಲಿ ಹೂಳು ಕೂತಿದ್ದರೆ ನೀರು ಇಂಗುವುದಕ್ಕಿಂತ ಆವಿಯಾಗುವುದೇ ಹೆಚ್ಚು, ಆ ಮೂರನೆಯ ಕೊಳವೆಯನ್ನು ನೋಡಿ. ಅದೇ ಹೂಳನ್ನು ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಕ್ಕೆ ಹೊಡೆಸಿದರೆ ಆ ಸಣ್ಣ ರಂಧ್ರಗಳೇ ಬೇರಿಗೆ ತೇವ ಹಿಡಿದುಕೊಡುತ್ತವೆ. ಆದ್ದರಿಂದ ಹೂಳು ತೆಗೆಯಿರಿ. ಅದರ ನೆಪದಲ್ಲಿ ಲೇಔಟಿಗೂ ರಸ್ತೆಗೂ ಕೆಳಗಿನ ಗರಸು ಬಗೆದು ಸಾಗಿಸಬೇಡಿ.

ಕೆರೆಗೆ ಎಂಥ ನೀರು ಬರುತ್ತದೆ ಎಂಬುದೂ ಮುಖ್ಯ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯಿಂದ ನಮ್ಮ ಕಂದವಾರ ಕೆರೆಗೆ ಬರುವ ಸಂಸ್ಕರಿಸಿದ ನೀರಿನ ಬಗ್ಗೆ ಜಿಲ್ಲೆಯಲ್ಲಿ ಎರಡು ಅಭಿಪ್ರಾಯವಿದೆ. ನೀರು ಬಂದದ್ದೇ ಪುಣ್ಯ ಎನ್ನುವವರಿದ್ದಾರೆ, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎನ್ನುವವರಿದ್ದಾರೆ. ನಾನು ಎರಡನೆಯವರ ಕಡೆ. ಮಣ್ಣಿನ ರಂಧ್ರಗಳು ಕಸವನ್ನು, ಬಹಳಷ್ಟು ರೋಗಾಣುಗಳನ್ನು ತಡೆದಾವು. ನೀರಿನಲ್ಲಿ ಕರಗಿರುವ ಉಪ್ಪು, ನೈಟ್ರೇಟು ಸಲೀಸಾಗಿ ಇಳಿದು ಹೋಗುತ್ತವೆ. ಕೆಟ್ಟ ನೀರು ಒಮ್ಮೆ ಗರಸಿಗೆ ಇಳಿದರೆ ತೊಳೆಯಲು ವರ್ಷಗಟ್ಟಲೆ ಬೇಕು.

ಕೊನೆಯ ಮೇಜಿನಲ್ಲಿ ನಮ್ಮ ತಾಲ್ಲೂಕುಗಳ ಖಾಲಿ ನಕ್ಷೆ ಹರಡಿದ್ದಾರೆ. ನಿಮ್ಮ ಊರು, ಕೇಸಿಂಗಿನ ಅಡಿ, ಇಷ್ಟು ಹೇಳಿದರೆ ಮಕ್ಕಳು ಗುರುತು ಹಾಕಿಕೊಳ್ಳುತ್ತಾರೆ. ಬಿಲ್ಲು ಮನೆಯಲ್ಲಿದ್ದರೆ ನಾಳೆ ತನ್ನಿ, ಫೇಲಾದ ಬೋರಿನದ್ದಾದರೂ ಸರಿ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ತಿಳಿಸುತ್ತೇನೆ. ಒಳಗೆ ಬನ್ನಿ.